ನನ್ನ ಘನತೆ ಕಾಪಾಡಲು ನೀವು ತೆಗೆಸಿದ ಪುಸ್ತಕ

ಶಾಲಾ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದ ಮಾನ್ಯರೇ,

ಕುಡುಕ ಅಪ್ಪನೊಬ್ಬನ ಕಥೆ ಇದೆಯೆಂದು ನೀವು ಒಂದು ಮಕ್ಕಳ ಕಾದಂಬರಿಯನ್ನು ಶಾಲಾ ಗ್ರಂಥಾಲಯಗಳಿಂದ ತೆಗೆಸಿದಿರಿ. ಅದು ಮತ್ತೆ ಮಕ್ಕಳ ಕೈಗೆ ಸಿಕ್ಕಿತೆಂದು ನಮ್ಮ ಶಾಲೆಯ ಗ್ರಂಥಾಲಯದ ಮೇಡಂ ಅವರನ್ನು ಅಮಾನತಿನಲ್ಲಿಟ್ಟಿರಿ. ಪುಸ್ತಕವನ್ನು ಶಾಲೆಯಿಂದ ಹೊರಗೆ ತಂದವನು ನಾನು, ಮೇಡಂ ಅಲ್ಲ. ಈ ಮಾತನ್ನು ನಿಮ್ಮ ವಿಚಾರಣಾಧಿಕಾರಿಯ ಎದುರಿಗೆ ನಿಂತು ಹೇಳಿದ್ದೇನೆ. ಅವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಲಿಲ್ಲ ಎಂಬುದನ್ನು ಈಗ ನಾಲ್ಕು ಜನ ಓದುವ ಹಾಗೆ ಬರೆಯಬೇಕಾಗಿ ಬಂದಿದೆ. ಬರೆಯಲು ಕೂತರೆ ಕಿವಿ ಬಿಸಿಯಾಗುತ್ತದೆ. ಆದರೆ ನನ್ನಿಂದಾಗಿ ಒಬ್ಬ ಹೆಣ್ಣುಮಗಳ ಅನ್ನಕ್ಕೆ ಕಲ್ಲು ಬಿದ್ದಿರುವಾಗ ನನ್ನ ಕಿವಿಯ ಚಿಂತೆ ಮಾಡುತ್ತ ಕೂರುವುದು ತರವಲ್ಲ.

ನಾನು ಶಾಲೆಯ ಹಿಂದಿನ ಗಲ್ಲಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಸುಟ್ಟುಹೋದ ಫ್ಯಾನು, ನೀರೆತ್ತುವ ಪಂಪು, ಗಿರಣಿಯ ಮೋಟಾರು ಇವುಗಳ ಹೊಟ್ಟೆಯೊಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ನನ್ನ ಕಸುಬು. ಒಳ್ಳೆಯ ಕೆಲಸಗಾರನೆಂದು ಹೆಸರಿದೆ. ಕುಡುಕನೆಂದೂ ಹೆಸರಿದೆ. "ಮಧ್ಯಾಹ್ನದೊಳಗೆ ಕೊಟ್ಟುಬಿಡಿ, ಸಂಜೆ ಆದ್ಮೇಲೆ ಆ ಮನುಷ್ಯ ಸಿಕ್ಕಿದ್ರೂ ಸಿಕ್ಕಿದ ಹಾಗಲ್ಲ" ಎಂದು ಗಿರಾಕಿಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಹೆಂಡತಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಮಾಡುತ್ತಾಳೆ. ಒಬ್ಬಳೇ ಮಗಳು, ಎಂಟನೇ ತರಗತಿ. ನಾನು ಹೆಂಡತಿ ಮಕ್ಕಳ ಮೇಲೆ ಕೈ ಮಾಡುವವನಲ್ಲ, ಬಾಯಿ ಮಾಡುವವನೂ ಅಲ್ಲ. ಇದೊಂದನ್ನು ಬಹಳ ವರ್ಷ ಪದಕದ ಹಾಗೆ ಎದೆಗೆ ಚುಚ್ಚಿಕೊಂಡು ಓಡಾಡಿದ್ದೇನೆ.

ನಿಮ್ಮ ಸುತ್ತೋಲೆ ಬಂದಾಗ ಶಾಲೆಯಲ್ಲಿ ಪೋಷಕರ ಸಭೆ ಕರೆದಿದ್ದರು. ಮುಖ್ಯೋಪಾಧ್ಯಾಯರು ಕನ್ನಡಕ ಸರಿಪಡಿಸಿಕೊಂಡು ಓದಿದರು: "ಪೋಷಕರ ಘನತೆಗೆ ಕುಂದು ತರುವ, ತಂದೆತಾಯಿಯರ ಬಗ್ಗೆ ಮಕ್ಕಳ ಮನಸ್ಸಿನಲ್ಲಿ ಅಗೌರವ ಬಿತ್ತುವ ಸಾಹಿತ್ಯ." ಮಾನ್ಯರೇ, ನಿಜ ಹೇಳುತ್ತೇನೆ, ನನಗೆ ಎದೆಯುಬ್ಬಿತು. ಘನತೆ ಎಂಬ ಪದವನ್ನು ನನ್ನ ಕಡೆ ಕೈತೋರಿಸಿ ಯಾರೂ ಯಾವತ್ತೂ ಹೇಳಿದ್ದಿಲ್ಲ. ಇಷ್ಟು ದೊಡ್ಡ ಇಲಾಖೆ, ಇಷ್ಟು ದೊಡ್ಡ ಮುದ್ರೆ, ನನ್ನಂಥವನ ಮಾನ ಉಳಿಸಲು ಟೊಂಕ ಕಟ್ಟಿ ನಿಂತಿದೆಯಲ್ಲ ಎನಿಸಿತು. ಒಪ್ಪಿಗೆ ಇರುವವರು ಕೈ ಎತ್ತಿ ಎಂದರು. ಮೊದಲು ಮೇಲೆದ್ದ ಕೈ ನನ್ನದು. ಪುಸ್ತಕ ಓದಿದ್ದೆನೇ? ಇಲ್ಲ. ಕೈ ಎತ್ತಿದವರಲ್ಲಿ ಬೇರೆ ಯಾರಾದರೂ ಓದಿದ್ದರೇ? ಇರಲಾರರು. ಸಭೆಯಲ್ಲಿ ಓದಿದವರು ಇದ್ದರು. ಅವರು ಗೋಡೆಯ ಪಕ್ಕ ನಿಂತು ನಮಗೆಲ್ಲ ನೀರಿನ ಲೋಟ ಹಂಚುತ್ತಿದ್ದರು. ಎಂಟನೇ ತರಗತಿಯ ಹುಡುಗಿಯರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಅವರಲ್ಲೊಬ್ಬಳು ನನ್ನ ಮಗಳು. ಮೇಲೆದ್ದ ನನ್ನ ಕೈಯನ್ನು ಅವಳು ನೋಡಿದಳು. ಆಮೇಲೆ ತಟ್ಟೆಯಲ್ಲಿದ್ದ ಲೋಟಗಳ ಕಡೆ ಕಣ್ಣು ತಿರುಗಿಸಿದಳು.

ಅದಾಗಿ ಸ್ವಲ್ಪ ದಿನಕ್ಕೆ ಶಾಲೆಯಿಂದ ಕರೆ ಬಂತು. ಉಗ್ರಾಣದ ಕೋಣೆಯಲ್ಲಿ ಸುಟ್ಟ ಫ್ಯಾನುಗಳಿವೆ, ತೆಗೆದುಕೊಂಡು ಹೋಗಿ ರಿಪೇರಿ ಮಾಡಿ ಎಂದರು. ಬೀಗ ತೆಗೆದ ಜವಾನರು "ನಿಮಗೆ ಬೇಕಾದ್ದು ಆರಿಸ್ಕೊಳ್ಳಿ" ಎಂದು ಹೇಳಿ ಬೀಡಿ ಸೇದಲು ಹೋದರು. ಮುರಿದ ಬೆಂಚುಗಳ ಮೇಲೆ ಫ್ಯಾನುಗಳು, ಫ್ಯಾನುಗಳ ಪಕ್ಕದಲ್ಲಿ ಹುರಿಹಗ್ಗದಲ್ಲಿ ಕಟ್ಟಿದ ಪುಸ್ತಕದ ಕಟ್ಟು. ಮೇಲಿನದೇ ಅದು. ಹೆಸರು ನೋಡಿದ ಕೂಡಲೇ ಗೊತ್ತಾಯಿತು. ನನ್ನ ಮಾನ ಕಳೆಯುವಂಥದ್ದು ಇದರಲ್ಲಿ ಏನು ಬರೆದಿದ್ದಾರೆ ನೋಡಿಯೇಬಿಡೋಣ ಎಂದು ಹಗ್ಗ ಸಡಿಲಿಸಿ ಎಳೆದುಕೊಂಡೆ. ಫ್ಯಾನು ತುಂಬಿದ ಗೋಣಿಚೀಲದಲ್ಲಿ ಹಾಕಿಕೊಂಡು ಬಂದೆ. ಕದ್ದೆ ಎಂದೇ ಬರೆದುಕೊಳ್ಳಿ. ಆ ಹೊತ್ತಿನಲ್ಲಿ ಮೇಡಂ ಮೇಲಿನ ಮಹಡಿಯಲ್ಲಿ ತರಗತಿ ತೆಗೆದುಕೊಳ್ಳುತ್ತಿದ್ದರು. ಅವರ ದನಿ ನನಗೆ ಮೆಟ್ಟಿಲವರೆಗೂ ಕೇಳಿಸುತ್ತಿತ್ತು.

ಪುಸ್ತಕದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಈ ಪತ್ರವನ್ನೂ ಯಾವುದಾದರೂ ಉಗ್ರಾಣಕ್ಕೆ ಹಾಕಿಸಿಬಿಡುತ್ತೀರಿ. ಮರುದಿನ ಮಧ್ಯಾಹ್ನ, ಸುತ್ತಿದ ಕಾಯಿಲ್‌ಗಳಿಗೆ ವಾರ್ನಿಷ್ ಹಚ್ಚಿ ಒಣಗಲು ಇಟ್ಟು, ಸ್ಟೂಲಿನ ಮೇಲೆ ಕೂತು ಓದಲು ಶುರು ಮಾಡಿದೆ. ಒಬ್ಬ ಹುಡುಗಿ. ಅವಳ ಅಪ್ಪ ಕುಡಿಯುತ್ತಾನೆ, ಹೊಡೆಯುತ್ತಾನೆ. ಅವನ ಚಪ್ಪಲಿಯ ಸದ್ದು ಕೇಳಿಯೇ ಇವತ್ತು ಎಷ್ಟು ಏರಿದೆ ಎಂದು ಆ ಮಗು ಅಂದಾಜು ಮಾಡುತ್ತದೆ. ಮನೆಗೆ ಬಂದವರಿಗೆ "ಅಪ್ಪ ಊರಲ್ಲಿಲ್ಲ" ಎಂದು ಹೇಳಿ ಕಳಿಸುತ್ತದೆ. ಆ ಸಾಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ಹಿಂದಿನ ವಾರವಷ್ಟೇ ಗಿರಣಿಯವರು ನನ್ನನ್ನು ಅಂಗಡಿಯಲ್ಲಿ ನೋಡಿ, "ಅರೆ, ಯಾವಾಗ ಬಂದ್ರಿ? ಮನೆಗೆ ಹೋಗಿದ್ದೆ, ನೀವು ಊರಲ್ಲಿಲ್ಲ ಅಂದಳಲ್ಲ ನಿಮ್ಮ ಮಗಳು" ಎಂದಿದ್ದರು. ನಾನು ಯಾವ ಊರಿಗೂ ಹೋಗಿರಲಿಲ್ಲ. ಒಳಗಿನ ಕೋಣೆಯಲ್ಲಿ ಬಟ್ಟೆಯ ರಾಶಿಯ ಮೇಲೆ ಬಿದ್ದುಕೊಂಡಿದ್ದೆ. ಗಿರಣಿಯವರಿಗೆ "ಹ್ಞಾಂ, ಬೆಳಗ್ಗೆ ಬಂದೆ" ಎಂದಿದ್ದೆ. ಮಗಳ ಸುಳ್ಳಿಗೆ ಅಪ್ಪನ ಸಾಕ್ಷಿ.

ಭಾನುವಾರ ಮಗಳು ಊಟದ ಡಬ್ಬಿ ತಂದಾಗ ಪುಸ್ತಕ ಅವಳ ಮುಂದೆ ಇಟ್ಟೆ. ಅವಳ ಮುಖ ಬಿಳಿಚಿಕೊಂಡಿತು.

"ಇದು ನಿನಗೆಲ್ಲಿ ಸಿಕ್ತು ಅಪ್ಪ?"

"ಸಿಕ್ತು. ನೀನು ಓದಿದೀಯಾ?"

"ಎಷ್ಟು ಸಲ ಓದಿದೀನೋ."

"ಓದಿ... ಇದು ನಾನೇ ಅನ್ನಿಸ್ತಾ?"

ಅವಳು ತುಸು ಯೋಚನೆ ಮಾಡಿದಳು. ನನ್ನ ಮನಸ್ಸಿಗೆ ನೋವಾಗದ ಉತ್ತರ ಹುಡುಕುತ್ತಿದ್ದಾಳೆ ಅಂದುಕೊಂಡೆ. ಹಾಗೇನೂ ಇರಲಿಲ್ಲ, ಸರಿಯಾದ ಉತ್ತರ ಹುಡುಕುತ್ತಿದ್ದಳು.

"ಇಲ್ಲಪ್ಪ. ಆ ಅಪ್ಪ ಹೊಡೀತಾನೆ. ನೀನು ಅಳ್ತೀಯ. ಕುಡಿದು ಬಂದು ನನ್ನ ಕೈ ಹಿಡ್ಕೊಂಡು ನಾನು ಕೆಟ್ಟವನು ಮಗಳೇ, ನಾನು ಕೆಟ್ಟವನು ಅಂತ ಅಳ್ತೀಯ. ನಾನು ಇಲ್ಲಪ್ಪ ಇಲ್ಲಪ್ಪ ಅಂತ ಹೇಳ್ತಾನೇ ಇರಬೇಕು, ನಿನಗೆ ನಿದ್ದೆ ಬರೋವರೆಗೂ. ಹೊಡೆದಿದ್ರೆ ಸಿಟ್ಟಾದ್ರೂ ಮಾಡ್ಕೋಬಹುದಿತ್ತು."

ಮಾನ್ಯರೇ, ನನ್ನ ಎದೆಯ ಮೇಲಿದ್ದ ಆ ಪದಕ ಅಲ್ಲೇ ಬಿದ್ದುಹೋಯಿತು. ನಿಮ್ಮ ಸುತ್ತೋಲೆ ಹೇಳುವ ಅಗೌರವ ಇದೇ ಇರಬೇಕು. ಆದರೆ ಅವಳ ದನಿಯಲ್ಲಿ ಅಗೌರವ ಎಳ್ಳಷ್ಟೂ ಇರಲಿಲ್ಲ. ಬಹಳ ದಿನದಿಂದ ಹೊತ್ತುಕೊಂಡಿದ್ದನ್ನು ಕೆಳಗಿಟ್ಟವಳ ಹಾಗೆ ಇದ್ದಳು. ಡಬ್ಬಿ ಬಿಚ್ಚಿ ನನಗೆ ಬಡಿಸಿಯೂ ಕೊಟ್ಟಳು. "ಅಪ್ಪ, ಇದನ್ನ ಗುಬ್ಬಿಗೆ ಕೊಡಲಾ? ಅವಳ ಸರದಿ ಬರೋಷ್ಟರಲ್ಲಿ ತೆಗೆದುಬಿಟ್ರು" ಎಂದಳು.

ಗುಬ್ಬಿ ಎಂದರೆ ಅವಳ ಗೆಳತಿ, ಸಣ್ಣ ಮೈಯ ಹುಡುಗಿ, ಮಾತು ಜಾಸ್ತಿ. ಅವಳ ಅಪ್ಪ ಯಾರೆಂದು ನಾನು ಹೇಳುವುದಿಲ್ಲ. ಪುಸ್ತಕ ಅಂಗಡಿಯಲ್ಲೇ ಇರಲಿ, ಇಲ್ಲೇ ಬಂದು ಓದಿಕೊಳ್ಳಲಿ ಎಂದೆ. ಅವಳು ಬಂದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಶಾಲೆ ಬಿಟ್ಟ ಮೇಲೆ ಒಬ್ಬೊಬ್ಬರಾಗಿ, ಯಾರಾದರೂ ಕೇಳಿದರೆ ಇರಲಿ ಎಂದು ಕೈಯಲ್ಲಿ ಒಂದು ಇಸ್ತ್ರಿಪೆಟ್ಟಿಗೆಯನ್ನೋ ಟೇಬಲ್ ಫ್ಯಾನನ್ನೋ ಹಿಡಿದು. "ಅಂಕಲ್, ಇದು ಯಾಕೋ ತಿರುಗ್ತಾ ಇಲ್ಲ" ಎನ್ನುವರು. ಪ್ಲಗ್ ಹಾಕಿದರೆ ಗಾಳಿ ಹೊಡೆದು ಮೇಜಿನ ಮೇಲಿನ ಕಾಗದವೆಲ್ಲ ಹಾರುತ್ತಿತ್ತು. ನಾನು "ಹೌದಮ್ಮ, ಇದಕ್ಕೆ ಬಹಳ ಹೊತ್ತು ಹಿಡಿಯುತ್ತೆ, ಕೂತಿರು" ಎನ್ನುತ್ತಿದ್ದೆ. ನಾನು ತಂತಿ ಸುತ್ತುತ್ತಿದ್ದರೆ ಬೆಂಚಿನ ಮೇಲೆ ಕೂತು ಅವರು ಓದುತ್ತಿದ್ದರು. ಮಕ್ಕಳು ಇರುವಷ್ಟು ಹೊತ್ತು ನಾನು ಅಂಗಡಿ ಬಿಟ್ಟು ಕದಲುತ್ತಿರಲಿಲ್ಲ. ಅವರು ಹೋದ ಮೇಲೆ ಕದಲುತ್ತಿದ್ದೆ. ಅದನ್ನೂ ಹೇಳಬೇಕು.

ಒಂದು ಸಂಗತಿ ಗಮನಕ್ಕೆ ಬಂತು. ಆ ಮಕ್ಕಳ ಹೆಸರು ನನಗೆ ಗೊತ್ತಿರಲಿಲ್ಲ, ಮುಖ ಗೊತ್ತಿತ್ತು. ಒಬ್ಬಳ ಮೂಗು, ಒಬ್ಬನ ಗಲ್ಲ, ಇನ್ನೊಬ್ಬಳು ನಗುವಾಗ ತುಟಿ ಒಂದು ಕಡೆಗೆ ವಾಲುವ ರೀತಿ, ಇವೆಲ್ಲವನ್ನೂ ಎಲ್ಲೋ ನೋಡಿದ್ದೇನಲ್ಲ ಎನಿಸುತ್ತಿತ್ತು. ಸಂಜೆ ಬಾರಿನಲ್ಲಿ ಕೂತು ಸುತ್ತ ಕಣ್ಣಾಡಿಸಿದಾಗ ಅವೇ ಮೂಗು, ಅವೇ ಗಲ್ಲ, ಅದೇ ವಾಲಿದ ತುಟಿ ಮೇಜುಮೇಜಿನಲ್ಲೂ ಕಂಡವು. ಅವತ್ತು ನಾನು ಗ್ಲಾಸು ಅಲ್ಲಿಯೇ ಬಿಟ್ಟು ಎದ್ದು ಬಂದೆ. ಅವತ್ತು ಒಂದು ದಿನ ಮಾತ್ರ.

ನೀವು ಕಾಪಾಡುತ್ತಿರುವುದು ಯಾರನ್ನು ಮಾನ್ಯರೇ? ಅಪ್ಪ ಕುಡಿಯುತ್ತಾನೆಂಬ ಸುದ್ದಿ ಮಕ್ಕಳಿಗೆ ಪುಸ್ತಕದಿಂದ ಗೊತ್ತಾಗುತ್ತದೆಯೇ? ಅಪ್ಪನ ಬಾಯಿಯ ವಾಸನೆಯನ್ನು ಯಾವ ಕಪಾಟಿನಿಂದ ತೆಗೆಸುತ್ತೀರಿ? ಮೆಟ್ಟಿಲ ಮೇಲೆ ತಡವರಿಸುವ ಹೆಜ್ಜೆಯ ಸದ್ದಿಗೆ ಯಾವ ಸುತ್ತೋಲೆ ಹೊರಡಿಸುತ್ತೀರಿ? ಮಕ್ಕಳಿಗೆ ಮೊದಲೇ ಗೊತ್ತಿರುವುದನ್ನಷ್ಟೇ ಪುಸ್ತಕ ಹೇಳಲಿಲ್ಲ. ಗೊತ್ತಿಲ್ಲದ ಒಂದನ್ನು ಹೇಳಿತು: ಇದು ನಿಮ್ಮ ಮನೆಯಲ್ಲಿ ಮಾತ್ರ ಅಲ್ಲ, ಇದು ನಿಮ್ಮ ತಪ್ಪಲ್ಲ, ಬಾಗಿಲು ತಟ್ಟಬಹುದಾದ ಒಂದು ಮನೆ ಎಲ್ಲಾದರೂ ಇರುತ್ತದೆ. ಆ ಕಥೆಯ ಕೊನೆಯಲ್ಲಿ ಅಪ್ಪ ಸುಧಾರಿಸುವುದಿಲ್ಲ. ಹುಡುಗಿ ಪಕ್ಕದ ಮನೆಯ ಬಾಗಿಲು ತಟ್ಟುತ್ತಾಳೆ. ಅಲ್ಲಿಗೆ ಮುಗಿಯುತ್ತದೆ. ಅಪ್ಪ ಸುಧಾರಿಸಿದ್ದರೆ ಬಹುಶಃ ನೀವೂ ಇಟ್ಟುಕೊಳ್ಳುತ್ತಿದ್ದಿರಿ. ನಿಮಗೆ ಬೇಕಾದದ್ದು ಸುಧಾರಿಸುವ ಅಪ್ಪಂದಿರು. ನಮಗೂ ಅವರೇ ಬೇಕು, ಆದರೆ ನಾವು ಹುಟ್ಟಿಸಿದ ಮಕ್ಕಳಿಗೆ ಸಿಕ್ಕಿದವರು ನಾವು.

ಮೇಡಂ ಒಂದು ಸಲ ಅಂಗಡಿಗೆ ಬಂದಿದ್ದರು. ಅವರ ಮನೆಯ ಪಂಪು ಕೆಟ್ಟಿತ್ತು. ಆಗ ಬೆಂಚಿನ ಮೇಲೆ ಗುಬ್ಬಿ ಓದುತ್ತ ಕೂತಿದ್ದಳು. ಮೇಡಂಗೆ ಹತ್ತಿರದ್ದು ಕಾಣಲು ಕನ್ನಡಕ ಬೇಕು, ಅಂದು ಅವರು ಕನ್ನಡಕ ತಂದಿರಲಿಲ್ಲ. ನಿಮ್ಮ ಕಡತಕ್ಕೆ ಇದನ್ನೂ ಸೇರಿಸಿಕೊಳ್ಳಿ. ಪಂಪು ಇಳಿಸಿ, ಹೊರಡುವಾಗ ಸುಮ್ಮನೆ ಮೇಲೆ ನೋಡಿ, "ಇಲ್ಲಿ ಬೆಳಕು ಸಾಲದು. ಬಲ್ಬು ಬದಲಾಯಿಸಿ" ಎಂದರು. ಯಾವ ಕೆಲಸಕ್ಕೆ ಸಾಲದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಲ್ಬು ಬದಲಾಯಿಸಿದೆ.

ಸಿಕ್ಕಿಬಿದ್ದದ್ದು ಗುಬ್ಬಿ. ಅರ್ಧ ಓದಿದ್ದಳು, ಮುಂದೆ ಏನಾಗುತ್ತದೋ ಎಂಬ ತಳಮಳ ತಡೆಯದೆ, ನನಗೆ ಹೇಳದೆ ಚೀಲಕ್ಕೆ ಹಾಕಿಕೊಂಡು ಹೋಗಿ ಗಣಿತದ ತರಗತಿಯಲ್ಲಿ ಮೇಜಿನ ಕೆಳಗೆ ತೆರೆದಿದ್ದಳು. ಪುಸ್ತಕದ ಮೊದಲ ಪುಟದಲ್ಲಿ ಶಾಲೆಯ ಮುದ್ರೆ. ಎಲ್ಲಿಂದ ಬಂತು ಎಂದು ಕೇಳಿದರು, ಗದರಿಸಿದರು, ಅಪ್ಪನನ್ನು ಕರೆಸುತ್ತೇವೆ ಎಂದರು. "ಗ್ರಂಥಾಲಯದಿಂದ ತಗೊಂಡೆ" ಎಂದಳು ಆ ಮಗು. ನನ್ನ ಹೆಸರು ಹೇಳಿದರೆ ಗೆಳತಿಯ ಅಪ್ಪನಿಗೆ ತೊಂದರೆಯಾಗುತ್ತದಲ್ಲ ಎಂದು ಹಾಗೆ ಹೇಳಿದಳಂತೆ. ಅಪ್ಪಂದಿರನ್ನು ಬಚ್ಚಿಟ್ಟು ಕಾಪಾಡುವುದು ಈ ಮಕ್ಕಳಿಗೆ ಉಸಿರಾಟದಷ್ಟು ಅಭ್ಯಾಸವಾಗಿಬಿಟ್ಟಿದೆ. ಗ್ರಂಥಾಲಯ ಎಂದರೆ ಮೇಡಂ ಎಂದು ಹಿರಿಯರು ಅರ್ಥ ಮಾಡಿಕೊಳ್ಳುತ್ತಾರೆಂದು ಅವಳಿಗೆ ಹೊಳೆಯಲಿಲ್ಲ.

ನಾನು ಅವತ್ತೇ ಮೇಡಂ ಹತ್ತಿರ ಓಡಿದೆ. ನಡೆದದ್ದೆಲ್ಲ ಹೇಳಿದೆ. ಅವರು, "ನಾಳೆ ವಿಚಾರಣೆಗೆ ಬರ್ತಾರೆ. ನನಗೆ ಹೇಳಿದ್ದನ್ನೇ ಅವರಿಗೆ ಹೇಳಿದ್ರೆ ಸಾಕು. ಬೆಳಗ್ಗೆ ಹತ್ತು ಗಂಟೆಗೆ" ಎಂದರು. ಬಾಗಿಲವರೆಗೆ ಬಂದು ಮತ್ತೆ ಹೇಳಿದರು, "ಬೆಳಗ್ಗೆ." ಆ ಒಂದು ಪದದಲ್ಲಿ ಅವರು ಕೇಳಿಕೊಂಡದ್ದೇನೆಂದು ನನಗೆ ಗೊತ್ತಾಯಿತು.

ಬೆಳಗ್ಗೆ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. "ನೆಟ್ಟಗೆ ಅಲ್ಲಿಗೇ ಹೋಗ್ರೀ" ಎಂದಳು. ನೆಟ್ಟಗೆ ಹೋಗಬೇಕೆಂದೇ ಹೊರಟೆ. ದಾರಿಯಲ್ಲಿ ಕೈ ನಡುಗಲು ಶುರುವಾಯಿತು. ಇಷ್ಟು ನಡುಗುವ ಕೈಯಲ್ಲಿ ಸಹಿ ಹಾಕುವುದು ಹೇಗೆ, ನಡುಕ ನಿಲ್ಲುವಷ್ಟು ಮಾತ್ರ ಎಂದುಕೊಂಡೆ. ಕುಡಿಯುವವರಿಗೆಲ್ಲ ಈ ಲೆಕ್ಕ ಗೊತ್ತು. ಈ ಲೆಕ್ಕ ಯಾವತ್ತೂ ಸರಿಹೋದದ್ದಿಲ್ಲವೆಂಬುದೂ ಗೊತ್ತು.

ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ನಿಮ್ಮ ಅಧಿಕಾರಿ ಕೂತಿದ್ದರು, ಪಕ್ಕದಲ್ಲಿ ಬರೆದುಕೊಳ್ಳಲು ಗುಮಾಸ್ತರು, ಗೋಡೆಯ ಕಡೆ ಮೇಡಂ.

"ಏನ್ರೀ, ಕುಡಿದು ಬಂದಿದೀರಾ?"

"ಸ್ವಲ್ಪ, ಸರ್. ಧೈರ್ಯಕ್ಕೆ."

ಗುಮಾಸ್ತರು ಪೆನ್ನಿನ ತುದಿ ಕಚ್ಚಿ ನಗು ತಡೆದುಕೊಂಡರು.

"ಪುಸ್ತಕ ನಾನು ತಗೊಂಡಿದ್ದು ಸರ್. ಫ್ಯಾನಿನ ಚೀಲದಲ್ಲಿ ಹಾಕ್ಕೊಂಡು. ಮೇಡಂಗೆ ಗೊತ್ತೇ ಇಲ್ಲ."

"ಯಾವ ದಿನ?"

ದಿನ ನೆನಪಿಗೆ ಬರಲಿಲ್ಲ. ನಾಲಿಗೆ ಹೊರಳಲಿಲ್ಲ. ಏನೋ ಒಂದು ದಿನ ಹೇಳಿದೆ, ಅದು ರಜೆಯ ದಿನವಾಗಿತ್ತಂತೆ. ಅಧಿಕಾರಿಗಳು ಮೇಡಂ ಕಡೆ ತಿರುಗಿ, "ಇವರನ್ನ ನೀವೇ ಕರೆಸಿದ್ದಾ?" ಎಂದರು. ಆ ಪ್ರಶ್ನೆಗೆ ಅವರ ಮುಖ ಕೆಂಪಾದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಾನು ಅಳಲು ಶುರು ಮಾಡಿದೆ. ಕುಡಿದಾಗ ಬರುವ ಅದೇ ಅಳು. ಹೊರಗೆ ಪಡಸಾಲೆಯಲ್ಲಿ ಮಕ್ಕಳು ಸೇರಿದರು. ಯಾರೋ ಹೋಗಿ ನನ್ನ ಮಗಳನ್ನು ಕರೆತಂದರು. ಅವಳು ಒಳಗೆ ಬಂದು, ಅಧಿಕಾರಿಗಳ ಮುಂದೆ, ಗುಮಾಸ್ತರ ಮುಂದೆ, "ಬಾಪ್ಪ, ಹೋಗೋಣ" ಎಂದು ನನ್ನ ತೋಳು ಹಿಡಿದಳು. ಇಡೀ ಶಾಲೆ ನೋಡುತ್ತಿರಲು ಮೈದಾನ ದಾಟಿಸಿ ಮನೆಗೆ ಕರೆತಂದಳು. ದಾರಿಯಲ್ಲಿ ಒಮ್ಮೆಯೂ "ಇಲ್ಲಪ್ಪ, ನೀನು ಕೆಟ್ಟವನಲ್ಲ" ಎಂದು ಹೇಳಲಿಲ್ಲ.

ಅಮಾನತಿನ ಆದೇಶದ ಪ್ರತಿಯನ್ನು ಮೇಡಂ ನನಗೆ ತೋರಿಸಿದರು. ಅದರಲ್ಲಿ ಹೀಗಿದೆ: "ಮದ್ಯಪಾನ ಮಾಡಿ ಹಾಜರಾದ ಪೋಷಕರೊಬ್ಬರ ಹೇಳಿಕೆಯು ವಿಶ್ವಾಸಾರ್ಹವಲ್ಲದ ಕಾರಣ ಪರಿಗಣಿಸಲಾಗಿಲ್ಲ." ಕುಡುಕ ಅಪ್ಪ ಪುಸ್ತಕದಲ್ಲಿ ಇರಬಾರದು, ನಿಮ್ಮ ಕಡತದಲ್ಲಿ ಇರಬಹುದು. ಅವನ ಬಗ್ಗೆ ಮಗು ಓದಬಾರದು, ಅಧಿಕಾರಿ ಬರೆಯಬಹುದು. ನನ್ನ ಘನತೆಗೆ ಇಷ್ಟೇ ಆಯುಸ್ಸೇ ಮಾನ್ಯರೇ? ನಾನು ಕೈ ಎತ್ತಿದಾಗ ನನ್ನ ಒಪ್ಪಿಗೆ ನಿಮಗೆ ಬೇಕಿತ್ತು. ಅವತ್ತೂ ನಾನು ಕುಡಿದೇ ಬಂದಿದ್ದೆ. ಯಾರೂ ಮೂಸಿ ನೋಡಲಿಲ್ಲ.

ಆದೇಶ ತೋರಿಸಿದ ದಿನ ಮೇಡಂ ಕಾಲಿಗೆ ಬೀಳಲು ಹೋದೆ. ಅವರು ಹಿಂದೆ ಸರಿದರು. "ನಿಮ್ಮ ಮೇಲೆ ಕೋಪ ಇದೆ. ಇಲ್ಲ ಅಂತ ಸುಳ್ಳು ಹೇಳಲ್ಲ. ಅದು ಹಾಗಿರಲಿ. ಆ ಹುಡುಗಿ ಪುಸ್ತಕ ಪೂರ್ತಿ ಓದಿದ್ಲಾ?"

"ಇಲ್ಲ ಮೇಡಂ. ಅರ್ಧಕ್ಕೇ ಕಿತ್ಕೊಂಡ್ರು."

"ಅರ್ಧಕ್ಕೆ ಬಿಡಬಾರದು ಅದನ್ನ. ಅರ್ಧದಲ್ಲಿ ಆ ಹುಡುಗಿ ಇನ್ನೂ ಮನೆ ಒಳಗೇ ಇದಾಳೆ, ಬಾಗಿಲು ಹಾಕಿದೆ."

ಮರುದಿನ ಬೆಳಗ್ಗೆ ಪೇಟೆಯ ಪುಸ್ತಕದಂಗಡಿಗೆ ಹೋದೆ. ಗಾಜಿನ ಹಿಂದೆಯೇ ಇತ್ತು, ಯಾರು ಬೇಕಾದರೂ ಕೊಳ್ಳಬಹುದು. ಪುಸ್ತಕ ಕೊಳ್ಳುವ ಅಪ್ಪಂದಿರ ಮಕ್ಕಳಿಗೆ ನಿಮ್ಮ ನಿಷೇಧ ತಟ್ಟುವುದೇ ಇಲ್ಲ. ಗ್ರಂಥಾಲಯವೊಂದೇ ಗತಿ ಎನ್ನುವ ಮಕ್ಕಳಿಗೆ ಮಾತ್ರ ಅದು ಅನ್ವಯ. ಕೊಂಡು ತಂದೆ. ಈಗ ಅದು ನನ್ನ ಅಂಗಡಿಯಲ್ಲಿ, ಬಲ್ಬಿನ ಕೆಳಗಿನ ಹಲಗೆಯ ಮೇಲೆ ಎಲ್ಲರಿಗೂ ಕಾಣುವಂತೆ ಇದೆ. ಅದರಲ್ಲಿ ಶಾಲೆಯ ಮುದ್ರೆ ಇಲ್ಲ. ಜಪ್ತಿ ಮಾಡುವುದಾದರೆ ಬೇರೆ ಸುತ್ತೋಲೆ ಬರೆಯಬೇಕಾಗುತ್ತದೆ. ಗುಬ್ಬಿ ಉಳಿದರ್ಧ ಓದಿ ಮುಗಿಸಿದಳು. ಮುಗಿಸಿದ ಸಂಜೆ ನೆಟ್ಟಗೆ ಮೇಡಂ ಮನೆಗೆ ಹೋಗಿ, "ದಿನಾ ಇಲ್ಲಿ ಕೂತು ಓದ್ಕೊಳ್ಳಲಾ?" ಎಂದು ಕೇಳಿದಳಂತೆ. ಅಮಾನತಾದವರಿಗೆ ಪುರುಸೊತ್ತು ಇರುತ್ತದಲ್ಲ, ಮೇಡಂ ಬೇಡವೆನ್ನಲಿಲ್ಲ. ಈಗ ಸಂಜೆಯ ಹೊತ್ತು ಅವರ ಮನೆಯ ಮುಂದಿನ ಕೋಣೆಯಲ್ಲಿ ಕೆಲವು ಮಕ್ಕಳು ಓದುತ್ತ ಕೂರುತ್ತಾರೆ. ನನ್ನ ಮಗಳೂ ಹೋಗುತ್ತಾಳೆ. ಯಾಕೆ ಹೋಗುತ್ತಾಳೆಂದು ನಾನು ಕೇಳಿಲ್ಲ. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರಿರುತ್ತಾರೆಂದು ನನಗೆ ಗೊತ್ತು.

ನನ್ನ ಬೇಡಿಕೆ ಇಷ್ಟು. ನನ್ನನ್ನು ಮತ್ತೊಮ್ಮೆ ಕರೆಸಿ. ನಿಮಗೆ ನಂಬಿಕೆಯಿರುವ ವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಮೊದಲು ಅವರು ನನ್ನ ಬಾಯಿ ಪರೀಕ್ಷಿಸಲಿ, ಆಮೇಲೆ ಹೇಳಿಕೆ ತೆಗೆದುಕೊಳ್ಳಿ. ಕಳವಿನ ಪ್ರಕರಣ ಹಾಕುವುದಿದ್ದರೆ ನನ್ನ ಮೇಲೆ ಹಾಕಿ. ಮೇಡಂ ಅವರನ್ನು ಅವರ ಕಪಾಟುಗಳ ನಡುವೆ ವಾಪಸ್ ಕೂರಿಸಿ. ಆ ಪುಸ್ತಕವನ್ನೂ ಅದರ ಜೊತೆ ಕಟ್ಟಿಟ್ಟ ಬೇರೆ ಪುಸ್ತಕಗಳನ್ನೂ ಬಿಚ್ಚಿ. ಅವುಗಳಲ್ಲಿ ಇನ್ಯಾರ ಮನೆಯ ಮಕ್ಕಳಿದ್ದಾರೋ ನನಗೆ ಗೊತ್ತಿಲ್ಲ, ಅವರೂ ಅರ್ಧದಲ್ಲಿ ನಿಂತಿರಬಹುದು. ಕುಡಿತ ಬಿಟ್ಟಿದ್ದೇನೆ ಎಂದು ಬರೆದು ನಿಮ್ಮನ್ನು ಮೆಚ್ಚಿಸಲಾರೆ. ಈ ಪತ್ರ ಬರೆಯುವಾಗ ಕುಡಿದಿಲ್ಲ. ಇದನ್ನು ನನ್ನ ಹೆಂಡತಿ ಎದುರಿಗೆ ಕೂತು ನೋಡಿದ್ದಾಳೆ.

ಕಾಗುಣಿತ ತಿದ್ದಲೆಂದು ಪತ್ರವನ್ನು ಮಗಳ ಕೈಗೆ ಕೊಟ್ಟಿದ್ದೆ. ಕೆಂಪು ಪೆನ್ನು ಹಿಡಿದು ಅಲ್ಲಲ್ಲಿ ಒತ್ತಕ್ಷರ ಸರಿಮಾಡಿದಳು. ಕೊನೆಯಲ್ಲಿ ನಾನು "ನನ್ನ ಮಗಳು ನನ್ನನ್ನು ಕ್ಷಮಿಸಿದ್ದಾಳೆ" ಎಂದು ಬರೆದಿದ್ದೆ. ಆ ಸಾಲಿನ ಮೇಲೆ ಅಡ್ಡಗೆರೆ ಎಳೆದಳು.

"ಯಾಕಮ್ಮ, ತಪ್ಪಿದೆಯಾ?"

"ತಪ್ಪೇನಿಲ್ಲ ಅಪ್ಪ. ಅದನ್ನ ನಾನಿನ್ನೂ ಹೇಳಿಲ್ಲ."

ಆದ್ದರಿಂದ ಆ ಸಾಲು ಈ ಪತ್ರದಲ್ಲಿ ಇಲ್ಲ.

ಇಂತಿ,
ಸಹಿ ಹಾಕುವಾಗ ಕೈ ನಡುಗಿದ್ದಕ್ಕೆ ಕ್ಷಮೆ ಕೋರುವ,
ಶಾಲೆಯ ಹಿಂದಿನ ಗಲ್ಲಿಯ ಮೋಟಾರ್ ವೈಂಡಿಂಗ್ ಅಂಗಡಿಯವನು